ಕೆಂಚಿ ಮನೆಗೆ ಬಂದು ವರ್ಷವಾಯಿತು, ಇವರಿಗೆಲ್ಲ ಥ್ಯಾಂಕ್ಸ್

ನಮ್ಮ ನಾಯಿ ಕೆಂಚಿ ಮನೆಗೆ ಬಂದು ಈ ವಾರಕ್ಕೆ ಒಂದು ವರ್ಷ. ನಡುವೆ ಒಮ್ಮೆ ಅವಳು ಉಳಿಯುವುದೇ ಅನುಮಾನವಾಗಿತ್ತು. ಈಗ ಮೈ ತುಂಬಿಕೊಂಡು ಸೋಫಾದ ಅರ್ಧ ಜಾಗ ಹಿಡಿದು ಮಲಗಿದ್ದಾಳೆ. ಸಹಾಯ ಮಾಡಿದವರಿಗೆಲ್ಲ ಫೋನಿನಲ್ಲಿ ಹೇಳಿದ್ದೇನೆ ನಿಜ. ಆದರೂ ನಾಲ್ಕು ಜನರೆದುರು ಹೇಳಬೇಕು ಅನ್ನಿಸಿತು.

ಮೊದಲು ಬನಶಂಕರಿಯ ಟೀ ಅಂಗಡಿಯ ಅಣ್ಣನಿಗೆ. ಬೀದಿಯಲ್ಲಿದ್ದಾಗ ಇವಳಿಗೆ ದಿನಾ ಬನ್ನು ಹಾಕಿ ಸಾಕಿದವರು ಅವರು. ಸಂತಾನಹರಣ ಚಿಕಿತ್ಸೆಗೆಂದು ಗಾಡಿಯವರು ಹಿಡಿದಾಗ "ವಾಪಸ್ ಇಲ್ಲಿಗೇ ತಂದು ಬಿಡ್ತೀರಾ ತಾನೆ?" ಅಂತ ಮತ್ತೆ ಮತ್ತೆ ಕೇಳಿದ್ದರಂತೆ. ತಂದು ಬಿಟ್ಟರು. 2023ರ ಎಬಿಸಿ (ಪ್ರಾಣಿಗಳ ಸಂತಾನ ನಿಯಂತ್ರಣ) ನಿಯಮವೂ ಹಿಡಿದ ಜಾಗಕ್ಕೇ ಬಿಡಬೇಕು ಅಂತಲೇ ಹೇಳುತ್ತದೆ. ಕೆಂಚಿಯ ಕಿವಿ ತುದಿಯ ಗುರುತು ಆಗಿನದು. ಅದನ್ನು ನೋಡಿ "ಅಯ್ಯೋ, ಯಾವ ನಾಯಿ ಕಚ್ಚಿತು?" ಅಂತ ಮರುಗುವವರು ಈಗಲೂ ಇದ್ದಾರೆ. ಆಪರೇಷನ್ ಆಗಿದೆ ಅನ್ನುವುದಕ್ಕೆ ಮಾಡುವ ಗುರುತು ಅದು, ಅಷ್ಟೇ. ಹೆಸರಿಟ್ಟವರೂ ಆ ಅಣ್ಣನೇ. ನನ್ನ ಮಗಳು "ಬೆಲ್ಲಾ" ಅಂತ ಕರೆದು ನೋಡಿದಳು. ಇವಳು ತಿರುಗಿಯೂ ನೋಡಲಿಲ್ಲ.

ಬೈಕು ತಗುಲಿ ಕಾಲು ಮುರಿದಾಗ ಇವಳನ್ನು ಎತ್ತಿಕೊಂಡು ಹೋಗಿ ಪ್ಲಾಸ್ಟರ್ ಹಾಕಿಸಿ, ವಾಸಿಯಾಗುವವರೆಗೂ ತಮ್ಮ ಮನೆಯಲ್ಲಿ ಇಟ್ಟುಕೊಂಡವರು ಇಬ್ಬರು ಕಾಲೇಜು ಹುಡುಗಿಯರು. ಕೊಡುವ ಮುಂಚೆ ನಮ್ಮ ಮನೆಗೆ ಬಂದರು. ಬಾಲ್ಕನಿಗೆ ಗ್ರಿಲ್ ಇದೆಯಾ, ಊರಿಗೆ ಹೋದರೆ ಯಾರು ನೋಡಿಕೊಳ್ತಾರೆ, ಎಲ್ಲರೂ ಒಪ್ಪಿದ್ದಾರಾ ಅಂತ ಒಂದೊಂದೇ ವಿಚಾರಿಸಿದರು. "ಹೆಣ್ಣು ಕೊಡೋರು ಗಂಡಿನ ಮನೆ ನೋಡೋಕೆ ಬಂದಂಗಿದೆ" ಅಂದರು ನಮ್ಮ ಅತ್ತೆ. ಹುಡುಗಿಯರು ನಗಲಿಲ್ಲ, ಫಾರಂ ತುಂಬಿಸಿಕೊಂಡರು! ಮೊದಲ ಮೂರು ದಿನ ಸುಮ್ನೆ ಬಿಟ್ಟುಬಿಡಿ, ಮೂರು ವಾರಕ್ಕೆ ಮನೆಯ ಪದ್ಧತಿ ಗೊತ್ತಾಗುತ್ತೆ, ನಿಮ್ಮವಳಾಗೋಕೆ ಮೂರು ತಿಂಗಳು ಬೇಕು ಅಂತ ಹೇಳಿ ಹೋದರು. ಕೆಂಚಿ ಮೊದಲ ದಿನಗಳನ್ನು ಮಂಚದ ಕೆಳಗೇ ಕಳೆದಳು. ಅವರು ಹೇಳದೇ ಇದ್ದಿದ್ದರೆ ನಾವು ಮುದ್ದು ಮಾಡಲು ಹೋಗಿ ಇನ್ನಷ್ಟು ಹೆದರಿಸುತ್ತಿದ್ದೆವೇನೋ.

ಮಳೆಗಾಲ ಶುರುವಾದಾಗ ಊಟ ಬಿಟ್ಟಳು. ಜ್ವರ, ಮೂಗಿನಲ್ಲಿ ರಕ್ತ. ಉಣ್ಣಿ ಕಚ್ಚಿ ಬರುವ ಟಿಕ್ ಫೀವರ್. ಈ ರೋಗಾಣು ನಾಯಿಯ ಮೈಯಲ್ಲಿ ತಿಂಗಳುಗಟ್ಟಲೆ ಸದ್ದಿಲ್ಲದೆ ಇದ್ದು ಆಮೇಲೆ ತಲೆ ಎತ್ತಬಹುದಂತೆ. ವಸಡು ಕಾಗದದ ಬಣ್ಣಕ್ಕೆ ತಿರುಗಿತ್ತು. ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಶೇಕಡಾ 37ರ ಮೇಲೆ ಇರಬೇಕಾದದ್ದು 14ಕ್ಕೆ ಇಳಿದಿತ್ತು. ರಕ್ತ ಕೊಡಲೇಬೇಕು ಅಂದರು ಡಾಕ್ಟರು.

ನಾಯಿಗೆ ರಕ್ತ ಎಲ್ಲಿಂದ ತರುವುದು? ಆ ಹುಡುಗಿಯರೇ ರಾತ್ರಿಯೆಲ್ಲ ಮೆಸೇಜ್ ಕಳಿಸಿ ಹುಡುಕಿದರು. ಬೆಳಿಗ್ಗೆ ರಾಜರಾಜೇಶ್ವರಿ ನಗರದಿಂದ ಒಬ್ಬರು ತಮ್ಮ ಲ್ಯಾಬ್ರಡಾರ್ ಬ್ರೂನೋನನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದರು. ನಮ್ಮ ಪರಿಚಯ ಎಳ್ಳಷ್ಟೂ ಇಲ್ಲ. ದಾನ ಕೊಡುವ ನಾಯಿ ಸುಮಾರು 25 ಕೆಜಿ ತೂಗಬೇಕು, ಲಸಿಕೆಗಳೆಲ್ಲ ಆಗಿರಬೇಕು, ತಾನೇ ಹಿಂದೆ ರಕ್ತ ಪಡೆದಿರಬಾರದು. ಇದೆಲ್ಲ ನನಗೆ ಅವತ್ತೇ ಗೊತ್ತಾಗಿದ್ದು. ಬ್ರೂನೋ ಮೇಜಿನ ಮೇಲೆ ಅಲುಗಾಡದೆ ಮಲಗಿದ. ಅವನ ಯಜಮಾನರು ಕಾಫಿಯನ್ನೂ ಕುಡಿಯದೆ ಆಫೀಸಿಗೆ ಹೊರಟುಬಿಟ್ಟರು. ಸಾರ್, ನಿಮ್ಮ ಋಣ ದೊಡ್ಡದು.

ಡಾಕ್ಟರಮ್ಮನಿಗೂ ಅಷ್ಟೇ. ಡಾಕ್ಸಿಸೈಕ್ಲಿನ್ ಮಾತ್ರೆ ನಾಲ್ಕು ವಾರ ಪೂರ್ತಿ ಕೊಡಬೇಕು, ಚುರುಕಾದಳು ಅಂತ ನಡುವೆ ನಿಲ್ಲಿಸಬಾರದು ಅಂತ ನಮಗೆ ಗದರಿ ಗದರಿ ಹೇಳಿದರು. ಉಣ್ಣಿ ಮೊಟ್ಟೆ ಇಡುವುದು ನಾಯಿಯ ಮೈ ಮೇಲಲ್ಲ, ಗೋಡೆಯ ಬಿರುಕಿನಲ್ಲಿ, ಮ್ಯಾಟಿನ ಅಡಿಯಲ್ಲಿ. ಹಾಗಾಗಿ ಮನೆಯ ಮೂಲೆ ಮೂಲೆಗೂ ಔಷಧಿ ಹೊಡೆಸಿದರು.

ಅತ್ತೆಯ ವಿಷಯ ಬೇರೆಯೇ ಬರೆಯಬೇಕು. ಅವರಿಗೆ ನಾಯಿ ಪ್ರೀತಿ ಉಕ್ಕಿ ಬಂದಿದೆ ಅಂದರೆ ಸುಳ್ಳಾಗುತ್ತದೆ. ಅಡುಗೆಮನೆ ಹೊಸಿಲು ದಾಟಬಾರದು, ಪೂಜೆ ಮುಗಿಯುವ ತನಕ ಹತ್ತಿರ ಬರಬಾರದು. ಇವತ್ತಿಗೂ ಅದೇ ಕಾನೂನು. ಆದರೆ ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ, ಕೆಂಪು ರಕ್ತಕಣ ಒಡೆಯುತ್ತೆ, ಸಾಂಬಾರನ್ನ ಕೊಡಬೇಡಿ ಅಂತ ಡಾಕ್ಟರಮ್ಮ ಹೇಳಿದ್ದೇ ತಡ, ಅವರಿಗೆ ಎಲ್ಲಿಲ್ಲದ ಖುಷಿ. ಮನೆಯಲ್ಲಿ ಎರಡನ್ನೂ ಮುಟ್ಟದವರು ಅಲ್ಲಿಯವರೆಗೆ ಅವರೊಬ್ಬರೇ ಆಗಿದ್ದರು! ಕಾಯಿಲೆಯ ದಿನಗಳಲ್ಲಿ ಮೆತ್ತಗೆ ಅನ್ನ ಬೇಯಿಸಿ, ಮೊಸರು ಕಲಸಿ, ಮಾತ್ರೆಯನ್ನು ಅದರೊಳಗೆ ಹುದುಗಿಸಿ ತಿನ್ನಿಸಿದ್ದು ಅವರೇ. ನಾನು ಕೊಟ್ಟರೆ ಮಾತ್ರೆ ಮಾತ್ರ ಆಚೆ ಬರುತ್ತಿತ್ತು.

ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಅಂಕಲ್‌ಗೂ ವಂದನೆ. ಬೀದಿ ನಾಯಿ ತಂದಿದ್ದಾರೆ, ಓಡಿಸಿ ಅಂತ ಮೀಟಿಂಗಿನಲ್ಲಿ ಗಲಾಟೆ ಎದ್ದಾಗ ಅವರು ದನಿ ಏರಿಸಲಿಲ್ಲ. ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ತೆಗೆದು ಓದಿದರು. ಬಹುಮತ ಇದ್ದರೂ ಸಂಘದವರು ಸಾಕುನಾಯಿಯನ್ನು ನಿಷೇಧಿಸುವ ಹಾಗಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿದೆ. ಹಾಗೇ ನಮ್ಮ ಕಡೆ ತಿರುಗಿ, "ಲಿಫ್ಟಲ್ಲಿ ಗಲೀಜಾದ್ರೆ ಒರೆಸೋದು ನೀವೇ" ಅಂದರು. ನ್ಯಾಯವೇ ಅಲ್ವಾ?

ಭಾನುವಾರ ಸಂಜೆ ಎಲ್ಲರೂ ಮನೆಗೆ ಬನ್ನಿ. ಜನಕ್ಕೆ ಶಾವಿಗೆ ಪಾಯಸ, ಆಂಬೊಡೆ. ಬ್ರೂನೋಗೆ ಬೇಯಿಸಿದ ಸಿಹಿಗುಂಬಳ ಮತ್ತು ಮೊಸರನ್ನ, ಅತ್ತೆ ಈಗಲೇ ಅಳತೆ ಕೇಳಿದ್ದಾರೆ. ಟೀ ಅಂಗಡಿ ಅಣ್ಣ, ನೀವು ಮಾತ್ರ ಬನ್ನು ತರಬೇಡಿ, ಕೆಂಚಿ ಡಯಟ್‌ನಲ್ಲಿದ್ದಾಳೆ.