ಗ್ರೂಪ್ ಬಿಟ್ಟ ದೋಸ್ತನಿಗೆ

ಗಂಗಾವತಿ
ಭಾನುವಾರ ರಾತ್ರಿ

ದೋಸ್ತ,

ನೀನು ಪಿಯುಸಿ ಗ್ರೂಪ್ ಬಿಟ್ಟು ಇವತ್ತಿಗೆ 11 ದಿನ. ‘ಲೆಫ್ಟ್’ ಅಂತ ಬಂದಾಗ ಒಬ್ಬ “ಏನಾತಲೇ ಅವನಿಗೆ?” ಅಂತ ಕೇಳಿದ. ಅದರ ಕೆಳಗೆ ಇನ್ನೊಬ್ಬ ಶುಭೋದಯದ ಗುಲಾಬಿ ಹಾಕಿದ. ಮುಗೀತು.

ಏನಾಯಿತು ಅಂತ ನನಗೆ ಗೊತ್ತಿತ್ತು. ಇಬ್ಬರು ಹುಡುಗರು ಒಬ್ಬರಿಗೊಬ್ಬರು ಮದುವೆಯ ಹಾರ ಹಾಕಿಕೊಂಡ ಆ ರೀಲ್ ಗ್ರೂಪಿಗೆ ಬಂದಾಗ ನಾನು ಮಿಲ್ಲಿನಲ್ಲಿದ್ದೆ. ಲಾರಿಗೆ ಅಕ್ಕಿ ಚೀಲ ಏರುತ್ತಿದ್ದವು, ಒಂದು ಕೈಯಲ್ಲಿ ತೂಕದ ಚೀಟಿ, ಇನ್ನೊಂದರಲ್ಲಿ ಫೋನು. “ಒಂಬತ್ತು” ಅಂತ ಒಬ್ಬ, “ಇವರನ್ನ ಮೊದಲು ದವಾಖಾನಿಗೆ ಹಾಕ್ರಿ” ಅಂತ ಮತ್ತೊಬ್ಬ. ನಾನು ಬರೆದದ್ದು ಏನೂ ಇಲ್ಲ. ಕಣ್ಣಲ್ಲಿ ನೀರು ಬರುವಂತೆ ನಗುವ ಮುಖ ಇದೆಯಲ್ಲ, ಅದನ್ನು ಒತ್ತಿ ಚೀಟಿಗೆ ಸಹಿ ಹಾಕಿದೆ. ಬೇರೆ ಯಾರು ನಕ್ಕಿದ್ದರೂ ನೀನು ಗ್ರೂಪ್ ಬಿಡುತ್ತಿರಲಿಲ್ಲ ಅನ್ನಿಸುತ್ತದೆ. ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಕಾಲುವೆ ಏರಿ ಮೇಲೆ ಕೂತು ನೀನು ಹೇಳಿದ ದಿನ ಮಡಿಲಲ್ಲಿ ಒಗ್ಗರಣಿ-ಮಿರ್ಚಿ ಪೊಟ್ಟಣ ಇತ್ತು. “ಹುಡುಗಿ ನೋಡಾಕ ಬರಂಗಿಲ್ಲ ಅನ್ನಾಕ ಕಾರಣ ಐತಿ” ಅಂದಿ, ನಿನಗೆ ಇಷ್ಟವಾಗುವುದು ಗಂಡಸರು ಅಂತ ಹೇಳಿದಿ. ಹೇಳಿ ಮುಗಿಸಿದ ಮೇಲೆ ಮಿರ್ಚಿಯ ತೊಟ್ಟನ್ನು ಚೂರು ಚೂರು ಮಾಡಿ ನೀರಿಗೆ ಎಸೆಯುತ್ತಿದ್ದಿ. ನಾನು ಕೇಳಿದ್ದು ಒಂದೇ: “ಮನ್ಯಾಗ ಗೊತ್ತೈತೇನು?” ಆಮೇಲೆ ಮುಂಗಾರಿನ ಮಾತು, ಭತ್ತದ ರೇಟಿನ ಮಾತು. ನಿನ್ನನ್ನು ಹಂಗೇ ಒಪ್ಪಿಕೊಂಡುಬಿಟ್ಟೆ ಅಂತ ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡಿದ್ದೆ. ಒಪ್ಪಿಕೊಂಡಿರಲಿಲ್ಲ, ವಿಷಯ ಬದಲಿಸಿದ್ದೆ.

ಆ ರೀಲಿನ ಕೆಳಗೆ ‘ಫಾರಿನ್ ರೋಗ’ ಅಂದವನಿಗೆ ಉತ್ತರ ಬರೆದು ಅಳಿಸಿದೆ, ಎರಡು ಸಲ. ಗಂಡು-ಗಂಡಿನ ಕೂಟವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಂ ಬ್ರಿಟಿಷರು 1860ರಲ್ಲಿ ಬರೆದದ್ದು. 2009ರಲ್ಲಿ ದಿಲ್ಲಿ ಹೈಕೋರ್ಟು ಆ ಗಂಟು ಬಿಚ್ಚಿತು, 2013ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಬಿಗಿಯಿತು, 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಬಿಚ್ಚಿ ಹಾಕಿದರು. ರೋಗದ ಪಟ್ಟಿಯಿಂದ ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಪ್ರೀತಿಯನ್ನು ತೆಗೆದದ್ದು 1990ರಲ್ಲಿ. ಇನ್ನು ಇಂಥ ಜೋಡಿಗಳ ಮದುವೆ ಸಂಸತ್ತಿಗೆ ಬಿಟ್ಟದ್ದು ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ಕೈ ಚೆಲ್ಲಿತು. ಇವೆಲ್ಲ ನಿನಗೆ ಬಾಯಿಪಾಠ ಇರಬೇಕು. ನಾನು ಓದಿದ್ದು ಈ ವಾರ.

ಒಂದು ತಮಾಷೆ ಕೇಳು. ಆ ರೀಲ್ ಹಾಕಿದವನೇ ಹೋದ ಹುಣ್ಣಿಮೆಗೆ ಹುಲಿಗಿಗೆ ಹೋಗಿ, ಹುಲಿಗೆಮ್ಮನ ಗುಡಿ ಮುಂದೆ, ಗಂಡಾಗಿ ಹುಟ್ಟಿ ದೇವಿಗೆ ಮುಡಿಪಾಗಿ ಹೆಣ್ಣಾಗಿ ಬಾಳುವ ಜೋಗತಿಯ ಕಾಲಿಗೆ ಬಿದ್ದು ಫೋಟೋ ಹಾಕಿದ್ದ. ಗ್ರೂಪಿನ ತುಂಬ ಕೈಮುಗಿದ ಎಮೋಜಿ. 2021ರಲ್ಲಿ ಜೋಗತಿ ಕುಣಿತದ ಕಲಾವಿದೆ ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಬಂದಾಗಲೂ “ನಮ್ಮ ಸೀಮಿ ಹೆಮ್ಮೆ” ಅಂದವರು ಇವರೇ. ಜೋಗತಿಯರ ಬದುಕು ಬೇರೆ, ನಿನ್ನದು ಬೇರೆ, ಅಷ್ಟು ನನಗೆ ತಿಳಿಯುತ್ತದೆ. ಅವರದು ಹೆಣ್ಣಾಗಿ ಬಾಳುವ ಮಾತು. ನೀನು ಗಂಡಾಗಿಯೇ ಇನ್ನೊಬ್ಬ ಗಂಡಸನ್ನು ಇಷ್ಟಪಟ್ಟವನು. ಬೈಯುವವರಿಗೆ ಮಾತ್ರ ಇಬ್ಬರಿಗೂ ಒಂದೇ ನಂಬರು ಸಾಕು. ಜೋಗತಿಯ ತಲೆ ಮೇಲೆ ದೇವಿಯ ಕೊಡ ಇರುವ ತನಕ ಕೈಮುಗಿಯುತ್ತೇವೆ. ಕೊಡ ಇಳಿಸಿ ಅದೇ ಜೋಗತಿ ಹೊಸಪೇಟೆ ಬಸ್ ಹತ್ತಿದರೆ ಪಕ್ಕದ ಸೀಟು ಖಾಲಿ ಉಳಿಯುತ್ತದೆ. ಪ್ಯಾಂಟು-ಶರ್ಟು ಹಾಕಿಕೊಂಡು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದ ನಿನಗೆ ಆ ಕೊಡದ ಆಸರೆಯೂ ಇಲ್ಲ.

ನಿನ್ನೆ ಗ್ರೂಪಿನಲ್ಲಿ ಬರೆದೆ: “ಆ ರೀಲಿಗೆ ನಕ್ಕಿದ್ದು ನಂದು ತಪ್ಪಾತು. ಇಂಥವು ಇನ್ನ ಹಾಕಬ್ಯಾಡ್ರಿ.” ನಿನ್ನ ಹೆಸರು ಎತ್ತಲಿಲ್ಲ. “ಯಾಕ, ನೀನೂ ಆ ಪಾರ್ಟಿನೇನು?” ಅಂತ ಒಂದು ಉತ್ತರ ಬಂತು, ಅದಕ್ಕೆ ಆರು ನಗು. ರಾತ್ರಿ ಒಂದು ಗಂಟೆಗೆ ಗ್ರೂಪಿನವನೇ ಒಬ್ಬ ಬೇರೆಯಾಗಿ ಮೆಸೇಜ್ ಕಳಿಸಿದ: “ಚಲೋ ಮಾಡಿದಿ.” ಐದು ನಿಮಿಷಕ್ಕೆ ಅದನ್ನೂ ಅಳಿಸಿದ. ಯಾರು ಅಂತ ನಿನಗೂ ಹೇಳುವುದಿಲ್ಲ.

ಇದನ್ನು ಎಲ್ಲರೂ ಓದುವ ಹಾಗೆ ಹಾಕಲೇನು ಅಂತ ಕೇಳಿದ್ದಕ್ಕೆ ನಿನ್ನಿಂದ “ಹ್ಞೂಂ, ಹಾಕು” ಬಂತು. ಅಷ್ಟೇ ಬಂತು. ಉಳಿದದ್ದು ಯಾವಾಗ ಬರುತ್ತದೋ ಬರಲಿ.

ಅವ್ವ ದೀಪಾವಳಿಗೆ ನೀನು ಬರುತ್ತೀಯೇನು ಅಂತ ಕೇಳುತ್ತಿದ್ದಾಳೆ. ಮ್ಯಾಲಿನ ಖೋಲಿ ಖಾಲಿ ಐತಿ, ಇಬ್ಬರು ಆರಾಮ ಮಲಗಬಹುದು.

ನಿನ್ನ
ಮಿಲ್ಲಿನವ