ಕೊಟ್ಟಾರ ಚೌಕಿಯ ಅಣ್ಣನಿಗೆ ಧನ್ಯವಾದ

ಮಂಗಳೂರು ಪಾಲಿಕೆ ಚುನಾವಣೆಗೆ ನಿಲ್ಲಬೇಕೆಂದು ಮನೆ ಮನೆ ಸುತ್ತುತ್ತಿದ್ದೇನೆ. ಮೊನ್ನೆ ಕೊಟ್ಟಾರ ಚೌಕಿ ಹತ್ತಿರ ಜೋರು ಮಳೆ. ಆಗ ಜಗಲಿಗೆ ಕರೆದು ಕೂರಿಸಿದ ಅಣ್ಣಾ, ನಿಮ್ಮ ಹೆಸರು ಗೊತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮಳೆ ಸ್ವಲ್ಪ ಬಿಟ್ಟ ಮೇಲೆ ನೀವೇ ಕೊಡೆ ಹಿಡಿದು ಮಳೆನೀರು ಹರಿಯುವ ತೋಡಿನ ಬದಿಗೆ ಕರಕೊಂಡು ಹೋದಿರಿ. ಮೋರಿಯ ಬಾಯಿಗೆ ಸಿಕ್ಕಿದ ಪ್ಲಾಸ್ಟಿಕ್, ಎಳನೀರಿನ ಖಾಲಿ ಬೊಂಡ, ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಉಳಿದ ಕೆಸರಿನ ಗೆರೆ, ಎಲ್ಲ ತೋರಿಸಿದಿರಿ. "ಪಕ್ಷದ ಮಾತು ಆಮೇಲೆ. ಮಳೆಗಾಲಕ್ಕೆ ಮೊದಲು ಹೂಳು ತೆಗೆಸ್ತೀರಾ?" ಎಂದು ಕೇಳಿದಿರಿ.

ದೆಹಲಿ, ಬೆಂಗಳೂರಿನ ರಾಜಕೀಯದ ಬಗ್ಗೆ ನನಗೂ ಅಭಿಪ್ರಾಯವಿದೆ. ಆದರೆ 60 ವಾರ್ಡಿನ ಈ ಊರಲ್ಲಿ ಮೋರಿ ಕಟ್ಟಿ ಬರುವ ಕೃತಕ ನೆರೆಯ ಬಗ್ಗೆ ಮೊದಲು ಮಾತಾಡಬೇಕು, ಅಲ್ವಾ? ಆ ಮೋರಿಯ ಫೋಟೋ ಸಮೇತ ಪಾಲಿಕೆಗೆ ಅರ್ಜಿ ಕೊಟ್ಟಿದ್ದೇನೆ. ತುಂಬಾ ಉಪಕಾರ ಅಣ್ಣಾ.