ಎಸೆಯದೇ ಇಟ್ಟವರಿಗೆ ಥ್ಯಾಂಕ್ಸ್

ಆರು ವರ್ಷ ರಿಪೇರಿಯಲ್ಲಿದ್ದ ನಮ್ಮ ಹಳೇ ಆಲ್ಫಾ ಕಾರು ನಿನ್ನೆ ಸಂಜೆ ಇಲ್ಲಿ ಇಟಲಿಯ ಟ್ಯೂರಿನ್ ಪಕ್ಕದ ಸುಪೆರ್ಗಾ ಗುಡ್ಡ ಹತ್ತಿ ಇಳಿಯಿತು. ಎಲ್ಲೂ ನಿಲ್ಲಲಿಲ್ಲ, ಆಯಿಲ್ ಸೋರಲಿಲ್ಲ. ಆರು ವರ್ಷದಿಂದ "ಕಾರು ಎಲ್ಲಿಗೆ ಬಂತು?" ಅಂತ ಕೇಳುತ್ತಿದ್ದ ಎಲ್ಲರಿಗೂ ಉತ್ತರ ಇದು: ಮನೆಗೆ ಬಂತು.

ಕಾರು 1967ರ ಆಲ್ಫಾ ರೋಮಿಯೊ ಸ್ಪೈಡರ್ 1600. ಜನ ಕರೆಯುವುದು 'ಡ್ಯುಯೆಟ್ಟೊ' ಅಂತ. 1966ರ ಮಾರ್ಚಿನಲ್ಲಿ ಜಿನೀವಾದಲ್ಲಿ ಮೊದಲ ಸಲ ತೋರಿಸಿದಾಗ ಇದಕ್ಕೆ ಹೆಸರಿಡಲು ಸ್ಪರ್ಧೆಯನ್ನೇ ಇಟ್ಟಿದ್ದರು. ಗೆದ್ದ ಹೆಸರು ಡ್ಯುಯೆಟ್ಟೊ. ಆದರೆ ಅಷ್ಟರಲ್ಲಾಗಲೇ ಒಂದು ತಿಂಡಿಗೆ ಆ ಹೆಸರಿತ್ತು! ಹಾಗಾಗಿ ಕಾಗದದಲ್ಲಿ ಬರಲೇ ಇಲ್ಲ, ಬಾಯಲ್ಲಿ ಉಳಿಯಿತು. ಇಟಲಿಯವರು ಇನ್ನೊಂದು ಅಡ್ಡಹೆಸರನ್ನೂ ಇಟ್ಟಿದ್ದಾರೆ, 'ಓಸ್ಸೊ ದಿ ಸೆಪ್ಪಿಯಾ'. ಅಂದರೆ ನಮ್ಮ ಸಮುದ್ರ ನೊರೆ, ಕಟಲ್ ಫಿಶ್ ಅನ್ನುವ ಕಡಲಜೀವಿಯ ಬಿಳಿ ಒಳಚಿಪ್ಪು. ಕುಂದಾಪುರದವನಾದ ನನಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಕೋಡಿ ಕಡಲತೀರದಲ್ಲಿ ಹೆಕ್ಕಿ ತಂದು ಗಿಳಿ ಪಂಜರಕ್ಕೆ ಸಿಕ್ಕಿಸುತ್ತಿದ್ದೆವಲ್ಲ, ಅದೇ ಆಕಾರ. ಎರಡೂ ತುದಿ ತೆಳು, ನಡುವೆ ಹೊಟ್ಟೆ. 1969ರ ಕೊನೆಗೆ ಕಂಪನಿಯವರು ಇದರ ಬಾಲ ಕತ್ತರಿಸಿ ಮೊಂಡು ಮಾಡಿದರು. ನನಗೇನೋ ಅದು ಇಷ್ಟವಿಲ್ಲ.

ಮೊದಲ ಥ್ಯಾಂಕ್ಸ್ ನನಗೆ ಈ ಕಾರು ಮಾರಿದ ಆಸ್ತಿಯ ಅಜ್ಜಿಗೆ. ಆಸ್ತಿ ಅನ್ನುವುದು ಟ್ಯೂರಿನ್ ಹತ್ತಿರದ ಊರು. "ಆಸ್ತಿಯಲ್ಲಿ ಕಾರು ಸಿಕ್ತು" ಅಂದಾಗ ಅಪ್ಪಯ್ಯ, ದಾಯಾದಿಗಳ ಜಾಗದ ವಿಷಯ ಏನೋ ಇತ್ಯರ್ಥ ಆಯ್ತು ಅಂದುಕೊಂಡಿದ್ದರು. ಇಲ್ಲಿನ ವಾಹನ ದಾಖಲೆಯಲ್ಲಿ ಹಳೇ ಮಾಲೀಕರ ಹೆಸರೆಲ್ಲ ಸಾಲಾಗಿ ಸಿಗುತ್ತದೆ. ಅಜ್ಜಿಯ ಗಂಡನದು ಮೂರನೆಯದು, ಅಜ್ಜಿಯದು ನಾಲ್ಕು, ನನ್ನದು ಐದು. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ ಅಂತ ಯಜಮಾನರು ಎರಡು ವೆಬರ್ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಬಿಚ್ಚಿಸಿ ಒಂದೇ ಒಂದು ಹಾಕಿಸಿದ್ದರು. ಬಿಳಿ ಕಾರಿಗೆ ಕೆಂಪು ಬಣ್ಣ ಹೊಡೆಸಿದ್ದರು. ಅಜ್ಜಿ ಏನೂ ಹೇಳದೆ, ಬಿಚ್ಚಿದ್ದನ್ನೆಲ್ಲ 1983ರ ದಿನಪತ್ರಿಕೆಯಲ್ಲಿ ಸುತ್ತಿ ಮೂರು ವೈನ್ ಪೆಟ್ಟಿಗೆಯಲ್ಲಿ ನೆಲಮಾಳಿಗೆಗೆ ಹಾಕಿದ್ದರು. ಕಾರ್ಬುರೇಟರ್, ಸ್ಟೀರಿಂಗ್, 'ಮಿಲಾನೊ' ಅಂತ ಬರೆದ ಹಳೇ ಬ್ಯಾಡ್ಜು, ಡಬ್ಬಿ ತುಂಬ ಸ್ಕ್ರೂ. ಇವಿಲ್ಲದಿದ್ದರೆ ನಾನು ಇನ್ನೂ ಹುಡುಕುತ್ತಲೇ ಇರುತ್ತಿದ್ದೆ. ಈ ಮಾದರಿ ಆಗಿದ್ದೇ ಆರು ಸಾವಿರ ಚಿಲ್ಲರೆ.

"ಬಿಳಿಯೇ ಇತ್ತು" ಅನ್ನುವ ಅಜ್ಜಿ ಮಾತನ್ನು ಅರೆಸೆಯಲ್ಲಿರುವ ಆಲ್ಫಾ ದಾಖಲೆ ಕೇಂದ್ರದ ಪತ್ರವೂ ಹೇಳಿತು. ಕಾರ್ಖಾನೆ ಬಿಟ್ಟಾಗ ಬಣ್ಣ ಬಿಳಿ. ಆ ಕೇಂದ್ರದವರಿಗೂ ಥ್ಯಾಂಕ್ಸ್, ಐವತ್ತು ವರ್ಷದ ಹಿಂದಿನ ಲೆಕ್ಕಪುಸ್ತಕ ಕಾಪಾಡಿದ್ದಕ್ಕೆ.

ಮೊದಲು ಕೊಟ್ಟ ಗ್ಯಾರೇಜಿನ ಬಗ್ಗೆ ಒಂದೇ ಮಾತು. ಎಂಟು ತಿಂಗಳು ಇಟ್ಟುಕೊಂಡು, ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಫಳಫಳ ಮಾಡಿ ಕೊಟ್ಟರು. ಫ್ರಿಜ್ಜಿನ ಆಯಸ್ಕಾಂತ ಹಿಡಿದರೆ ಬಾಗಿಲ ಕೆಳಗೆ ಅಂಟಲೇ ಇಲ್ಲ, ಅಲ್ಲಿ ಬರೀ ಪುಟ್ಟಿ.

ಆಮೇಲೆ ಸಿಕ್ಕಿದವರು ಟ್ಯೂರಿನ್ ಪಕ್ಕದ ಗ್ರುಲಿಯಾಸ್ಕೊದ ಹಿರಿಯ ಟಿಂಕರಿಂಗ್ ಕೆಲಸಗಾರರು. ಇಲ್ಲಿ 'ಬತ್ತಿಲಾಸ್ತ್ರಾ' ಅನ್ನುತ್ತಾರೆ, ತಗಡು ಬಡಿಯುವವನು ಅಂತ. ಈ ಕಾರಿನ ಮೈ ಪಿನಿನ್‌ಫರೀನಾ ಕಂಪನಿಯವರು ಮಾಡಿದ್ದೂ ಅದೇ ಊರಲ್ಲಿ. ಇದಕ್ಕೆ ಬೇರೆ ಚಾಸಿ ಇಲ್ಲ, ಮೈಯೇ ಬೆನ್ನೆಲುಬು. ಬಾಗಿಲ ಕೆಳಗಿನ ಪಟ್ಟಿಗಳನ್ನು ಸುಮ್ನೆ ಕತ್ತರಿಸಿದರೆ ಕಾರು ನಡುವೆ ಬಾಗುತ್ತದೆ. ಅವರು ಮೊದಲು ಬಾಗಿಲ ಜಾಗಕ್ಕೆ ಕಬ್ಬಿಣದ ಕಂಬಿ ವೆಲ್ಡ್ ಮಾಡಿ, ಒಂದೊಂದೇ ಕಡೆ ಕತ್ತರಿಸಿ, ಹೊಸ ತಗಡು ಕೂರಿಸಿದರು. 2020ರ ಲಾಕ್‌ಡೌನಿನಲ್ಲಿ ಅವರು ಆಸ್ಪತ್ರೆ ಸೇರಿದಾಗ ಕಾರಿನ ಯೋಚನೆ ಯಾರಿಗೂ ಬರಲಿಲ್ಲ. ವಾಪಸ್ ಬಂದವರೇ ಕೇಳಿದ್ದು, "ಎಡಗಡೆ ಬಾಗಿಲು ಹಾಗೇ ಇದೆ ಅಲ್ವಾ?"

ಇಂಜಿನ್ ನೋಡಿಕೊಂಡವರು ಹೆಸರು ಹಾಕಬೇಡ ಅಂದಿದ್ದಾರೆ. 1570 ಸಿಸಿ, ಪೂರ್ತಿ ಅಲ್ಯೂಮಿನಿಯಂ, ಒಳಗೆ ಪಿಸ್ಟನ್ ಓಡಾಡುವಲ್ಲಿ ಕಬ್ಬಿಣದ ಕೊಳವೆ (ಲೈನರ್). ಇಂಜಿನ್ನಿನ ತಲೆಭಾಗಕ್ಕೂ ಕೆಳಭಾಗಕ್ಕೂ ನಡುವಿನ ಹೆಡ್ ಗ್ಯಾಸ್ಕೆಟ್ ಹತ್ತಿರದ ಸಣ್ಣ ರಬ್ಬರ್ ಉಂಗುರಗಳು ಹೋದರೆ ಆಯಿಲ್ ಸೋರುತ್ತದೆ. ಅದನ್ನವರು ಎರಡು ಸಲ ಬಿಚ್ಚಿ ಹಾಕಿದರು, ದುಡ್ಡು ಒಂದೇ ಸಲ ತಗೊಂಡರು. ಎರಡು ಕಾರ್ಬುರೇಟರ್ ಒಂದೇ ಸಮ ಗಾಳಿ ಎಳೆಯುತ್ತಿವೆಯಾ ಅಂತ ರಬ್ಬರ್ ಪೈಪು ಕಿವಿಗಿಟ್ಟು ಕೇಳುತ್ತಿದ್ದರು. ವಿಡಿಯೊ ಕಾಲಿನಲ್ಲಿ ಅಪ್ಪಯ್ಯ ಅದನ್ನು ನೋಡಿ, "ನಮ್ಮ ಫಿಯಟ್ಟಿಗೆ ಒಂದೇ ಇತ್ತು ಮಗಾ, ಕಿವಿ ಬೇಡವಾಗಿತ್ತು" ಅಂದರು. ಮೂವತ್ತು ವರ್ಷ ಟ್ಯಾಕ್ಸಿ ಓಡಿಸಿದವರು. ಆ ಫಿಯಟ್ಟಿನ ತವರೂರಾದ ಟ್ಯೂರಿನ್ನಿನಲ್ಲೇ ಮಗ ಇದ್ದಾನೆ ಅನ್ನುವುದು ಅವರಿಗೆ ನನ್ನ ಕೆಲಸಕ್ಕಿಂತ ಹೆಮ್ಮೆಯ ವಿಷಯ.

ಹೆಂಡತಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ಬೈಯುತ್ತಾಳೆ. ಆರು ವರ್ಷ ನಮ್ಮ ಬಟ್ಟೆ ಒಣಗಿಸುವ ಬಾಲ್ಕನಿಯಲ್ಲಿ ಡಿಕ್ಕಿ ಮುಚ್ಚಳ ಇತ್ತು ಅಂತ ಮಾತ್ರ ದಾಖಲಿಸುತ್ತೇನೆ.

ಬರುವ ಭಾನುವಾರ ಆಸ್ತಿಗೆ ಹೋಗುತ್ತಿದ್ದೇನೆ. ಮಾರುವಾಗ ಅಜ್ಜಿ ಹಾಕಿದ್ದು ಒಂದೇ ಕರಾರು, ಒಂದು ಸುತ್ತು ಕರೆದುಕೊಂಡು ಹೋಗಬೇಕು ಅಂತ. ನಿನ್ನೆ ಫೋನಿನಲ್ಲಿ ಇನ್ನೊಂದು ಸೇರಿಸಿದರು: ಆ ಮೂರು ಪೆಟ್ಟಿಗೆ ವಾಪಸ್ ತರಬೇಕಂತೆ, ವೈನ್ ಇಡಲು ಜಾಗವಿಲ್ಲವಂತೆ.